ಎರಡು ಮೂರು ಸೆಲ್ ಹಾಕುವ ಟಾರ್ಚ್‌ಗಳು: ದೋಷ ಪತ್ತೆ ಮತ್ತು ಸುರಕ್ಷತೆ

ತ್ರೀ ಫೇಸ್ ಕರೆಂಟ್ ರಾತ್ರಿ ಬಂದಾಗ ಪಂಪು ಹಾಕಲು ತೋಟಕ್ಕೆ ಹೋಗುವವರು, ಕಾಡುಹಂದಿಯಿಂದ ಬೆಳೆ ಕಾಯುವವರು, ಮಳೆಗಾಲದಲ್ಲಿ ಹಳ್ಳ ದಾಟಿ ಮನೆ ಸೇರುವವರು ಈಗ ಬಳಸುವ ದೂರದ ಬೆಳಕಿನ ಟಾರ್ಚ್‌ಗಳಲ್ಲಿ ಹಲವು 18650 ಎಂಬ ಲಿಥಿಯಂ ಅಯಾನ್ ಸೆಲ್‌ಗಳಿಂದ ಉರಿಯುತ್ತವೆ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡನೆಯ ಆಕಾರಕ್ಕೆ. ನೋಡಲು ಅಂಗಡಿಯ ಹಳೆಯ ಶೆಲ್ಲಿನಂತೆಯೇ ಇದ್ದರೂ ಇವೆರಡರ ಸ್ವಭಾವ ಬೇರೆ. ಹಳೆಯ ಶೆಲ್ಲು ಕೆಟ್ಟರೆ ನೀರೊಡೆದು ಟಾರ್ಚನ್ನು ಹಾಳು ಮಾಡುತ್ತಿತ್ತು. ಈ ಸೆಲ್ ಕೆಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು.

ಒಂದೇ ಸೆಲ್ ಇರುವ ಸಾಧನದಲ್ಲಿ ಸೆಲ್ ಸೋತರೆ ಬೆಳಕು ಆರುತ್ತದೆ, ಅಲ್ಲಿಗೆ ಮುಗಿಯಿತು. ಎರಡು ಮೂರು ಸೆಲ್‌ಗಳನ್ನು ಜೋಡಿಸಿದಾಗ ಹಾಗಲ್ಲ. ಸೋತ ಸೆಲ್‌ನ ಮೇಲೆ ಗಟ್ಟಿ ಸೆಲ್‌ಗಳ ಬಲ ಹರಿಯುತ್ತಲೇ ಇರುತ್ತದೆ, ಮತ್ತು ಹೊರಗಿನಿಂದ ನೋಡುವವರಿಗೆ ಒಟ್ಟು ಲೆಕ್ಕ ಮಾತ್ರ ಕಾಣುತ್ತದೆ. ಆದ್ದರಿಂದ ಮುಂದಿನ ಎಲ್ಲ ಪರೀಕ್ಷೆಗಳೂ ಸೆಲ್‌ಗಳನ್ನು ಬಿಡಿಬಿಡಿಯಾಗಿ ನೋಡುವುದರ ಸುತ್ತಲೇ ಇವೆ.

ಇದೇ ಸೆಲ್‌ಗಳು ಹೊರದೇಶಗಳಲ್ಲಿ ಇ-ಸಿಗರೇಟ್‌ಗಳ ಒಳಗೂ ಜೋಡಿಯಾಗಿ ಕೂರುತ್ತವೆ. ಭಾರತದಲ್ಲಿ ಅವುಗಳ ತಯಾರಿಕೆ ಮತ್ತು ಮಾರಾಟವನ್ನು 2019ರ ಕಾಯ್ದೆ ನಿಷೇಧಿಸಿದೆ. ಆದರೆ 2009ರಿಂದ 2016ರವರೆಗೆ ಅಮೆರಿಕದ ಮಾಧ್ಯಮಗಳಲ್ಲಿ ಬಂದ, ಇ-ಸಿಗರೇಟ್ ಸಿಡಿದ ಅಥವಾ ಹೊತ್ತಿಕೊಂಡ 195 ಘಟನೆಗಳನ್ನು ಅಲ್ಲಿನ ಅಗ್ನಿಶಾಮಕ ಆಡಳಿತ ಪಟ್ಟಿ ಮಾಡಿದಾಗ ಗೊತ್ತಾದ ಪಾಠ ನಮ್ಮ ಟಾರ್ಚ್‌ಗೂ ಅನ್ವಯಿಸುತ್ತದೆ: ಗಟ್ಟಿ ಲೋಹದ ಕೊಳವೆಯೊಳಗೆ ಸೆಲ್ ಸಿಡಿದರೆ ಕೊಳವೆಯೂ ಸಿಡಿಯಬಹುದು.

ಬುಸುಗುಟ್ಟುವ ಸದ್ದು, ಸಿಹಿಯಾದ ವಾಸನೆ, ಮುಟ್ಟಲಾಗದ ಬಿಸಿ

ಈ ಮೂರರಲ್ಲಿ ಯಾವುದೊಂದು ಕಂಡರೂ ಪತ್ತೆ ಮಾಡುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಒಳಗಿನ ಒತ್ತಡ ಮಿತಿ ಮೀರಿದಾಗ ಸೆಲ್‌ನ ತಲೆಯಲ್ಲಿರುವ ರಂಧ್ರ ತೆರೆದುಕೊಂಡು ಅನಿಲ ಹೊರಬರುವ ಸದ್ದು ಅದು. ಉಗುರುಬಣ್ಣ ಅಳಿಸುವ ದ್ರಾವಣವನ್ನು ಹೋಲುವ ಸಿಹಿ ವಾಸನೆ ಬಂದರೆ ಒಳಗಿನ ದ್ರವ ಆವಿಯಾಗಿ ಸೋರುತ್ತಿದೆ ಎಂದು ತಿಳಿಯಬೇಕು. ಆ ಆವಿಗೆ ಬೆಂಕಿ ತಗುಲುತ್ತದೆ, ಮತ್ತು ಸುಟ್ಟಾಗ ಏಳುವ ಹೊಗೆಯಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ.

ಬಿಸಿಯಾದ ಟಾರ್ಚಿನ ಮುಚ್ಚಳವನ್ನು ತಿರುಗಿಸಿ ತೆರೆಯಲು ಹೋಗಬಾರದು. ಸೆಲ್ ತೆಗೆದರೆ ಸರಿಹೋದೀತು ಎಂದು ಕೈ ತಾನಾಗಿ ಮುಚ್ಚಳಕ್ಕೆ ಹೋಗುತ್ತದೆ, ಆದರೆ ಒತ್ತಡ ತುಂಬಿದ ಕೊಳವೆಯಲ್ಲಿ ಮೊದಲು ಹಾರುವುದು ಆ ಮುಚ್ಚಳವೇ, ಅದೂ ತೆರೆಯುತ್ತಿರುವವರ ಮುಖದ ಕಡೆಗೆ. ಸದ್ದು ಇನ್ನೂ ಬಂದಿಲ್ಲ, ಹಿಡಿಯಲು ಸಾಧ್ಯವಿದೆ ಎನ್ನುವಷ್ಟೇ ಬಿಸಿ ಇದ್ದರೆ ಅಂಗಳದ ಬರಿ ನೆಲದ ಮೇಲೆ, ಹುಲ್ಲು, ಅಡಿಕೆ ಸಿಪ್ಪೆ, ಸೌದೆಗಳಿಂದ ದೂರ ಇಟ್ಟು ಹಿಂದೆ ಸರಿಯಬೇಕು. ಸದ್ದು ಅಥವಾ ಹೊಗೆ ಶುರುವಾಗಿದ್ದರೆ ಅದನ್ನು ಮುಟ್ಟದೆ ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಬೇಕು.

ಲಿಥಿಯಂ ಎಂದ ಕೂಡಲೇ ನೀರು ಹಾಕಬಾರದು ಎಂಬ ಮಾತು ಕೇಳಿಬರುತ್ತದೆ. ಅದು ಲೋಹರೂಪದ ಲಿಥಿಯಂ ಕುರಿತ ಮಾತು. ಮರುಚಾರ್ಜ್ ಮಾಡುವ ಈ ಸೆಲ್‌ಗಳ ಬೆಂಕಿಗೆ ಬೇಕಾದದ್ದು ತಂಪು. ಆದ್ದರಿಂದ ದೂರದಿಂದ ಧಾರಾಳವಾಗಿ ನೀರು ಸುರಿಯುವುದೇ ಸರಿ. ಮರಳು ಜ್ವಾಲೆಯನ್ನು ಮರೆಮಾಡೀತು, ಒಳಗಿನ ಬಿಸಿಯನ್ನು ಇಳಿಸದು. ಚಾರ್ಜರ್‌ಗೆ ಸಿಕ್ಕಿಸಿದ್ದಾಗ ಹೀಗಾದರೆ ಮೇನ್ ಸ್ವಿಚ್ ಆರಿಸುವ ಮೊದಲು ನೀರು ಹಾಕಬಾರದು. ಆರಿದ ಸೆಲ್ ಮತ್ತೆ ಹೊತ್ತಿಕೊಳ್ಳುವುದುಂಟು, ಹಾಗಾಗಿ ಅದನ್ನು ಮನೆಯೊಳಗೆ ತರಬಾರದು. ಬೆಂಕಿ ಮನೆಗೆ ಹಬ್ಬುವ ಲಕ್ಷಣವಿದ್ದರೆ 112ಕ್ಕೆ ಕರೆ ಮಾಡಬೇಕು.

ಪರೀಕ್ಷೆಗೆ ಮುನ್ನ

ಬೇಕಾದದ್ದು ಒಂದು ಸಾಮಾನ್ಯ ಮಲ್ಟಿಮೀಟರ್, ಒಣಬಟ್ಟೆ, ಸ್ವಲ್ಪ ಸರ್ಜಿಕಲ್ ಸ್ಪಿರಿಟ್, ಸೆಲ್‌ಗಳ ಮೇಲೆ ಗುರುತು ಹಾಕಲು ಒಂದು ಪೆನ್ನು. ಬೆರಳಿನ ಉಂಗುರ, ಲೋಹದ ಬಳೆ, ಗಡಿಯಾರ ತೆಗೆದಿಡಬೇಕು. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ತಂತಿ ವೋಲ್ಟ್ ಅಳೆಯುವ ತೂತಿನಲ್ಲೇ ಇದೆಯೇ ಎಂದು ಎರಡು ಬಾರಿ ನೋಡಬೇಕು. ಅದು 10 ಆಂಪಿಯರ್ ತೂತಿನಲ್ಲಿ ಉಳಿದಿದ್ದರೆ ಸೆಲ್‌ನ ಎರಡು ತುದಿಗಳನ್ನು ದಪ್ಪ ತಂತಿಯಿಂದ ಕೂಡಿಸಿದಂತೆಯೇ ಆಗುತ್ತದೆ. ಸುರಕ್ಷತೆಗಾಗಿ ಅಳೆಯಲು ಹೊರಟು ಅಪಾಯವನ್ನು ಬರಮಾಡಿಕೊಳ್ಳುವ ದಾರಿ ಇದು.

ಅಳತೆಯ ಅರ್ಥ ಹೀಗೆ: ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್ ತೋರಿಸುತ್ತದೆ, ಮೈಮೇಲೆ ಬರೆದಿರುವ 3.6 ಅಥವಾ 3.7 ಅದರ ಸರಾಸರಿ ವೋಲ್ಟೇಜ್, 3 ವೋಲ್ಟ್‌ಗೆ ಬಂದಾಗ ಬಹುತೇಕ ಖಾಲಿ. 2.5ಕ್ಕಿಂತ ಕೆಳಗೆ ಇಳಿದಿದ್ದರೆ ಆ ಸೆಲ್‌ನ ಆಯುಸ್ಸು ಮುಗಿದಿದೆ ಎಂದೇ ನಾನು ತೀರ್ಮಾನಿಸುತ್ತೇನೆ.

ಟಾರ್ಚ್ ಹೊತ್ತುವುದೇ ಇಲ್ಲ, ಅಥವಾ ಮಿಣುಕು ಬೆಳಕು ಮಾತ್ರ

ಮೊದಲು ಸೆಲ್‌ಗಳ ದಿಕ್ಕು ನೋಡಬೇಕು. ಇದು ಖರ್ಚಿಲ್ಲದ ಪರೀಕ್ಷೆ, ಆದರೆ ಇಲ್ಲಿನ ತಪ್ಪು ಸಣ್ಣದಲ್ಲ. ಒಂದರ ಹಿಂದೆ ಒಂದು ಕೂರುವ ಮೂರು ಸೆಲ್‌ಗಳಲ್ಲಿ ಒಂದು ತಿರುಗುಮುರುಗಾಗಿದ್ದರೆ ಒಟ್ಟು ವೋಲ್ಟೇಜ್ 12.6ರಿಂದ 4.2ಕ್ಕೆ ಇಳಿಯುತ್ತದೆ. ಕೆಲವು ಟಾರ್ಚ್‌ಗಳು ಅಷ್ಟರಲ್ಲೂ ಮಂಕಾಗಿ ಉರಿಯುತ್ತವೆ. ಹಾಗೆ ಉರಿಯುವಾಗ ಉಳಿದೆರಡು ಸೆಲ್‌ಗಳು ತಿರುಗಿಬಿದ್ದ ಸೆಲ್‌ಗೆ ಚಾರ್ಜ್ ಮಾಡುತ್ತಿರುತ್ತವೆ, ಮತ್ತು ಆ ಚಾರ್ಜಿಗೆ 4.2 ವೋಲ್ಟ್‌ನಲ್ಲಿ ನಿಲ್ಲಬೇಕೆಂಬ ಕಡಿವಾಣ ಇರುವುದಿಲ್ಲ. ಮೊದಲೇ ತುಂಬಿದ್ದ ಸೆಲ್‌ಗೆ ಇದು ನೇರ ಅಪಾಯ.

ಸೆಲ್‌ಗಳು ಅಕ್ಕಪಕ್ಕ, ಸಮಾಂತರವಾಗಿ ಕೂರುವ ವಿನ್ಯಾಸದಲ್ಲಿ ಒಂದನ್ನು ತಿರುಗಿಸಿ ಹಾಕಿದರೆ ಟಾರ್ಚ್ ಹೊತ್ತಿಸುವ ಮೊದಲೇ ಎರಡೂ ಸೆಲ್‌ಗಳು ಒಂದನ್ನೊಂದು ಶಾರ್ಟ್ ಮಾಡುತ್ತವೆ. ಆದ್ದರಿಂದ ಈ ಬಗೆಯ ಟಾರ್ಚ್‌ಗೆ ಕತ್ತಲಲ್ಲಿ, ಅವಸರದಲ್ಲಿ ಸೆಲ್ ಹಾಕಬಾರದು.

ದಿಕ್ಕು ಸರಿಯಿದ್ದರೆ ತುದಿಗಳ ಆಕಾರ ನೋಡಬೇಕು. ಕೆಲವು ಸೆಲ್‌ಗಳ ಪ್ಲಸ್ ತುದಿಯಲ್ಲಿ ಗುಬುಟು ಇರುತ್ತದೆ, ಕೆಲವದು ಚಪ್ಪಟೆ. ಸ್ಪ್ರಿಂಗ್ ಇಲ್ಲದ ಜಾಗದಲ್ಲಿ ಚಪ್ಪಟೆ ತುದಿ ತಾಗದೇ ಉಳಿಯಬಹುದು. ತಾಗಿಸಲೆಂದು ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ತವರದ ತುಂಡು, ಮಡಚಿದ ತಂತಿ ತುರುಕುವ ರೂಢಿಯನ್ನು ಪೂರ್ತಿಯಾಗಿ ಬಿಡಬೇಕು. ಆ ತುಂಡು ಜಾರಿದರೆ ಎಲ್ಲಿ ತಾಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಆಮೇಲೆ ಸ್ಪ್ರಿಂಗ್ ಮತ್ತು ಮುಚ್ಚಳದ ತಿರುಪಿನ ಗೆರೆಗಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಬೇಕು. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಹೊತ್ತದ ಟಾರ್ಚ್‌ಗಳು ಇಷ್ಟರಿಂದಲೇ ಮತ್ತೆ ಉರಿಯುವುದನ್ನು ಹಲವು ಬಾರಿ ನೋಡಿದ್ದೇನೆ.

ಇನ್ನೂ ಹೊತ್ತದಿದ್ದರೆ ಒಂದೊಂದು ಸೆಲ್ ಹೊರತೆಗೆದು ಅಳೆಯಬೇಕು. ಮೀಟರ್ ಸೊನ್ನೆ ತೋರಿಸಿದರೆ ಆ ಸೆಲ್ ಯಾವ ಬಗೆಯದು ಎಂಬುದರ ಮೇಲೆ ಅರ್ಥ ನಿಂತಿದೆ. ರಕ್ಷಣಾ ಸರ್ಕಿಟ್ ಇರುವ ಸೆಲ್‌ನ ತಳದಲ್ಲಿ ಒಂದು ಪುಟ್ಟ ಬೋರ್ಡ್ ಇದ್ದು, ಅದರಿಂದಾಗಿ ಉದ್ದ 65ರ ಬದಲು 68ರಿಂದ 70 ಮಿಲಿಮೀಟರ್ ಆಗಿರುತ್ತದೆ. ಶಾರ್ಟ್ ಆದಾಗ ಅಥವಾ ಅತಿಯಾಗಿ ಖಾಲಿಯಾದಾಗ ಆ ಬೋರ್ಡ್ ಸಂಪರ್ಕ ಕಡಿದು ಸೊನ್ನೆ ತೋರಿಸುತ್ತದೆ. ಒಳ್ಳೆಯ ಬಿಡಿ ಚಾರ್ಜರ್‌ನಲ್ಲಿ ಇಟ್ಟ ಕೂಡಲೇ ಬೋರ್ಡ್ ಮತ್ತೆ ಸಂಪರ್ಕ ಕೊಟ್ಟು 3 ವೋಲ್ಟ್ ಆಸುಪಾಸು ತೋರಿಸಿದರೆ ಸೆಲ್ ಬದುಕಿದೆ. ಬೋರ್ಡ್ ಇಲ್ಲದ ಸೆಲ್ ಸೊನ್ನೆ ತೋರಿಸಿದರೆ ಅದು ನಿಜವಾಗಿಯೂ ಸತ್ತಿದೆ, ಅದಕ್ಕೆ ಚಾರ್ಜ್ ಕೊಡಬಾರದು.

ಮೊದಲಿನಷ್ಟು ಹೊತ್ತು ಉರಿಯುವುದಿಲ್ಲ

ಬಹಳ ಜನ ಸಹಿಸಿಕೊಂಡು ಸುಮ್ಮನಾಗುವ ಲಕ್ಷಣ ಇದು, ಆದರೆ ಮುಂದಿನ ಅನಾಹುತ ಇಲ್ಲಿಯೇ ಸದ್ದಿಲ್ಲದೆ ಬೆಳೆಯುತ್ತದೆ. ಟಾರ್ಚ್ ಮಂಕಾದ ಕೂಡಲೇ, ಚಾರ್ಜ್‌ಗೆ ಹಾಕುವ ಮೊದಲು, ಸೆಲ್‌ಗಳಿಗೆ 1, 2, 3 ಎಂದು ಗುರುತು ಹಾಕಿ ಪ್ರತಿಯೊಂದನ್ನೂ ಅಳೆದು ಬರೆದಿಡಬೇಕು. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದರೆ ಸೆಲ್‌ಗಳು ಒಟ್ಟಾಗಿ ಮುಪ್ಪಾಗಿವೆ ಎಂದರ್ಥ, ಅದು ಸಹಜ. ಆದರೆ ಒಂದು 3.5 ತೋರಿಸಿ ಇನ್ನೊಂದು 2.5 ತೋರಿಸಿದರೆ ಜೋಡಿ ಮುರಿದಿದೆ.

ಹಲವು ಟಾರ್ಚ್‌ಗಳಲ್ಲಿ ಬ್ಯಾಟರಿ ಕಡಿಮೆಯಾದಾಗ ತಾನಾಗಿ ಆರುವ ವ್ಯವಸ್ಥೆ ಇರುತ್ತದೆ. ಅದು ನೋಡುವುದು ಒಟ್ಟು ವೋಲ್ಟೇಜನ್ನು. ಸಾಲಾಗಿ ಜೋಡಿಸಿದ ಎರಡು ಸೆಲ್‌ಗಳ ಟಾರ್ಚ್ 6 ವೋಲ್ಟ್‌ಗೆ ಆರುವಂತಿದ್ದರೆ, ಎರಡೂ 3 ವೋಲ್ಟ್ ಇದ್ದಾಗ ಆರುವುದು ಸರಿಯೇ. ಆದರೆ ಒಂದು 3.8 ಇದ್ದು ಇನ್ನೊಂದು 2.2ಕ್ಕೆ ಇಳಿದಿದ್ದರೂ ಲೆಕ್ಕ 6 ವೋಲ್ಟೇ. ಇನ್ನೂ ಎಳೆದರೆ ಗಟ್ಟಿ ಸೆಲ್‌ನ ಪ್ರವಾಹ ಖಾಲಿ ಸೆಲ್‌ನೊಳಗೆ ನುಗ್ಗಿ ಅದರ ತುದಿಗಳನ್ನೇ ಅದಲುಬದಲು ಮಾಡುತ್ತದೆ. ಅಷ್ಟು ಖಾಲಿಯಾದ ಸೆಲ್‌ನೊಳಗಿನ ತಾಮ್ರದ ಹಾಳೆ ದ್ರವದಲ್ಲಿ ಕರಗಲು ತೊಡಗುತ್ತದೆ. ಮುಂದೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಬೇರೆ ಜಾಗದಲ್ಲಿ ಕೂತು, ಪದರಗಳ ನಡುವಿನ ಪೊರೆಯನ್ನು ದಾಟಿ ಒಳಗೊಳಗೇ ಶಾರ್ಟ್ ಉಂಟುಮಾಡಬಹುದು. ಬಳಸುವಾಗ ಸುಮ್ಮನಿದ್ದ ಸೆಲ್ ಚಾರ್ಜ್‌ಗಿಟ್ಟಾಗ, ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳುವುದಕ್ಕೆ ಇದೊಂದು ಕಾರಣ. ಸತ್ತ ಸೆಲ್ಲನ್ನು ಗಟ್ಟಿ ಸೆಲ್‌ಗೆ ತಂತಿಯಿಂದ ಕೂಡಿಸಿ ಎಬ್ಬಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಈ ಕಾರಣಕ್ಕಾಗಿಯೇ ಕಿವಿಗೆ ಹಾಕಿಕೊಳ್ಳಬಾರದು.

ಜೋಡಿ ಮುರಿಯಲು ಮುಖ್ಯ ಕಾರಣ ಹಳೆಯದರ ಜೊತೆ ಹೊಸದನ್ನು ಸೇರಿಸುವುದು. ನಾನೂ ಮಾಡಿದ್ದೇನೆ: ಮೂರು ಸೆಲ್‌ಗಳ ಟಾರ್ಚಿನಲ್ಲಿ ಒಂದು ಸೋತಾಗ ಅದೊಂದನ್ನೇ ಬದಲಿಸಿದೆ. ಮೂರು ವಾರ ಚೆನ್ನಾಗಿ ಉರಿಯಿತು. ಆಮೇಲೊಂದು ರಾತ್ರಿ ಕೊಳವೆಯ ನಡುಭಾಗ ಕೈಗೆ ಚುರುಕು ಮುಟ್ಟಿಸಿತು. ತಣ್ಣಗಾದ ಮೇಲೆ ಅಳೆದಾಗ ಹೊಸ ಸೆಲ್ 3.7 ಇತ್ತು, ನಡುವಿನ ಹಳೆಯದು 1 ವೋಲ್ಟ್‌ಗೆ ಇಳಿದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ದಿನ ಕೊಂಡ, ಒಂದೇ ಮಾದರಿಯ ಸೆಲ್‌ಗಳನ್ನು ಒಂದೇ ಅಕ್ಷರದ ಗುರುತು ಹಾಕಿ ಜೊತೆಯಾಗಿಯೇ ಬಳಸುತ್ತೇವೆ, ಜೊತೆಯಾಗಿಯೇ ಚಾರ್ಜ್ ಮಾಡುತ್ತೇವೆ, ಒಂದು ಹೋದರೆ ಎಲ್ಲವನ್ನೂ ತೆಗೆಯುತ್ತೇವೆ. ಖರ್ಚು ಹೆಚ್ಚು ಎಂಬುದು ನಿಜ.

ಹೊಸ ಸೆಲ್‌ಗಳೇ ಬೇಗ ಸೋತರೆ ಅವು ನಕಲಿಯೇ ಎಂದು ನೋಡಬೇಕು. ಈ ಗಾತ್ರದ ಸೆಲ್‌ನಲ್ಲಿ ಸಾಮಾನ್ಯವಾಗಿ ಸುಮಾರು 3,500 ಎಂಎಎಚ್‌ಗಿಂತ (ಸೆಲ್ ಹಿಡಿಯುವ ವಿದ್ಯುತ್ತಿನ ಅಳತೆ ಇದು) ಹೆಚ್ಚು ಹಿಡಿಯುವುದಿಲ್ಲ. 6,000, 9,900 ಎಂದು ಬರೆದದ್ದು ಸುಳ್ಳು, ಮತ್ತು ಮೈಮೇಲಿನ ಬರಹದಲ್ಲಿ ಸುಳ್ಳಾಡಿದವರು ಒಳಗೆ ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತ ಸೆಲ್ ಹಾಕಿಲ್ಲ ಎಂದು ನಂಬಲು ಕಾರಣವಿಲ್ಲ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ; ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೂಗುವ ಸೆಲ್ಲನ್ನು ಬಳಸಬಾರದು.

ಟಾರ್ಚ್ ಬಿಸಿಯಾಗುತ್ತದೆ: ಎಲ್ಲಿ ಬಿಸಿ?

ತಲೆಯ ಭಾಗ, ಅಂದರೆ ಎಲ್‌ಇಡಿ ಇರುವ ಜಾಗ ಬೆಚ್ಚಗಾಗುವುದು ಸಹಜ. ಆ ಬಿಸಿಯನ್ನು ಹೊರಹಾಕಲೆಂದೇ ಅಲ್ಲಿ ಗೆರೆಗಳಂತೆ ಲೋಹ ಕೊರೆದಿರುತ್ತಾರೆ. ಸೆಲ್ ಕೂರುವ ಕೊಳವೆ ತಲೆಗಿಂತ ಬಿಸಿಯಾದರೆ, ಅಥವಾ ಆರಿಸಿಟ್ಟ ಟಾರ್ಚ್ ಬೆಚ್ಚಗಿದ್ದರೆ ಅದು ದೋಷ.

ತಣ್ಣಗಾಗುವವರೆಗೆ ಹೊರಗಿಟ್ಟು ಕಾದು, ಆಮೇಲೆ ಸೆಲ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನು ಹಗಲು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಬೇಕು. ಸೆಲ್‌ನ ಉಕ್ಕಿನ ಮೈಯೆಲ್ಲ ಮೈನಸ್. ತಳ ಮಾತ್ರ ಮೈನಸ್ ಎಂದು ತಿಳಿದವರೇ ಹೆಚ್ಚು, ಆದರೆ ಪ್ಲಸ್ ಗುಬುಟಿನ ಸುತ್ತಲಿನ ಅಂಚು ಕೂಡ ಮೈನಸ್. ಎರಡರ ನಡುವೆ ಇರುವುದು ತೆಳ್ಳನೆಯ ಒಂದು ಉಂಗುರವಷ್ಟೇ. ಆ ಉಂಗುರ ಹರಿದಿದ್ದರೆ, ಅಥವಾ ಹೊದಿಕೆ ಗೀರಿ ಉಕ್ಕು ಕಾಣುತ್ತಿದ್ದರೆ, ಸೆಲ್ ಎಷ್ಟೇ ಹೊಸದಾಗಿರಲಿ ಟಾರ್ಚ್‌ಗೆ ಹಾಕಬಾರದು.

ಒಂದರ ಹಿಂದೆ ಒಂದು ಎರಡು ಸೆಲ್ ಇರುವ ಲೋಹದ ಟಾರ್ಚಿನಲ್ಲಿ ಬಿಸಿಯಾದ ಸೆಲ್ ಒಂದು, ತಪ್ಪಿತಸ್ಥ ಸೆಲ್ ಇನ್ನೊಂದು ಆಗಿರಬಹುದು. ಪ್ಲಸ್ ತಲೆಯ ಕಡೆಗಿರುವ ಟಾರ್ಚಿನಲ್ಲಿ ಕೊಳವೆಯೇ ಮೈನಸ್ ತಂತಿಯ ಕೆಲಸ ಮಾಡುತ್ತದೆ. ಹಿಂದಿನ ಸೆಲ್‌ನ ಮೈ ಹೇಗೂ ಮೈನಸ್ ಆದ್ದರಿಂದ ಅದರ ಹೊದಿಕೆ ಹರಿದು ಕೊಳವೆಗೆ ತಾಗಿದರೂ ಬಿಸಿ ಕಾಣಿಸದೇ ಹೋಗಬಹುದು. ಆದರೆ ಮುಂದಿನ ಸೆಲ್‌ನ ಮೈ ಹಿಂದಿನ ಸೆಲ್‌ನ ಪ್ಲಸ್‌ಗೆ ಒರಗಿ ಕೂತಿರುತ್ತದೆ. ಅದರ ಹೊದಿಕೆ ಹರಿದು ಕೊಳವೆಗೆ ತಾಗಿದರೆ ಶಾರ್ಟ್ ಆಗುವುದು ಹಿಂದಿನ ಸೆಲ್. ಸ್ವಿಚ್ ಹಿಂಬದಿಯ ಮುಚ್ಚಳದಲ್ಲಿದ್ದರೆ ಹೊತ್ತಿಸಿದಾಗ ಮಾತ್ರ ಹೀಗಾಗುತ್ತದೆ. ಸ್ವಿಚ್ ತಲೆಯ ಪಕ್ಕದಲ್ಲಿರುವ ಟಾರ್ಚ್‌ಗಳಲ್ಲಿ ಆರಿಸಿಟ್ಟಾಗಲೂ ನಡೆಯಬಹುದು. ಹಿಂದಿನ ಸೆಲ್ಲನ್ನು ಬದಲಿಸಿ ಮುಂದಿನದನ್ನು ಹಾಗೆಯೇ ಉಳಿಸಿಕೊಂಡರೆ ಹೊಸ ಸೆಲ್‌ಗೂ ಅದೇ ಗತಿ.

ಅಕ್ಕಪಕ್ಕ ಕೂರುವ ಸೆಲ್‌ಗಳ ಟಾರ್ಚ್, ಸೆಲ್ ಹಾಕಿದ ಕೂಡಲೇ ಬೆಚ್ಚಗಾದರೆ ಸೆಲ್‌ಗಳ ಮಟ್ಟದಲ್ಲಿ ವ್ಯತ್ಯಾಸವಿದೆ. 4.2 ವೋಲ್ಟ್‌ನ ಸೆಲ್ ಪಕ್ಕದಲ್ಲಿ 3.4ರದ್ದನ್ನು ಹಾಕಿದರೆ ನಡುವಿನ 0.8 ವೋಲ್ಟ್, ಒಟ್ಟು ರೋಧ 0.1 ಓಮ್ ಎಂದುಕೊಂಡರೆ, 8 ಆಂಪಿಯರ್ ಪ್ರವಾಹವನ್ನು ಖಾಲಿ ಸೆಲ್‌ನೊಳಗೆ ಒಮ್ಮೆಲೇ ನುಗ್ಗಿಸುತ್ತದೆ. ಸಾಮಾನ್ಯ ಸೆಲ್ ತಾಳುವ ಚಾರ್ಜಿಗಿಂತ ಅದು ಬಹಳ ಹೆಚ್ಚು. ಹಾಕುವ ಮುನ್ನ ವ್ಯತ್ಯಾಸ 0.05 ವೋಲ್ಟ್‌ನೊಳಗೆ ಇರಲಿ.

ಚಾರ್ಜ್ ಮಾಡುವಾಗ ವಿಚಿತ್ರ ನಡವಳಿಕೆ

ಜೊತೆಯಲ್ಲೇ ಖಾಲಿಯಾದ ಸೆಲ್‌ಗಳಲ್ಲಿ ಒಂದು ಕೆಲವೇ ನಿಮಿಷಗಳಲ್ಲಿ ಹಸಿರು ದೀಪ ತೋರಿಸಿದರೆ ಅದು ಹಿಡಿಯುವ ಶಕ್ತಿ ಕಳೆದುಕೊಂಡಿದೆ. ಒಂದು ಎಷ್ಟು ಹೊತ್ತಾದರೂ ಹಸಿರಾಗದೆ ಬೆಚ್ಚಗಾಗುತ್ತಿದ್ದರೆ ಅದು ಹೆಚ್ಚು ಅಪಾಯದ ಲಕ್ಷಣ. ಕೊಟ್ಟ ವಿದ್ಯುತ್ತೆಲ್ಲ ಒಳಗೇ ಬಿಸಿಯಾಗಿ ಹೋಗುತ್ತಿದೆ. ಎರಡನ್ನೂ ತೆಗೆದಿಡಬೇಕು. ಬೇಗ ಹಸಿರಾದ ಸೆಲ್ ಬಗ್ಗೆ ತೀರ್ಮಾನಿಸುವ ಮೊದಲು ಸೆಲ್‌ಗಳ ಜಾಗ ಅದಲುಬದಲು ಮಾಡಿ ನೋಡಿದರೆ ದೋಷ ಸೆಲ್‌ನದೋ ಚಾರ್ಜರ್‌ನ ಆ ಮನೆಯದೋ ಗೊತ್ತಾಗುತ್ತದೆ. ಚಾರ್ಜರ್‌ನಿಂದ ತೆಗೆದ ಸೆಲ್ 4.25ಕ್ಕಿಂತ ಹೆಚ್ಚು ತೋರಿಸಿದರೆ ಎಸೆಯಬೇಕಾದದ್ದು ಚಾರ್ಜರ್.

ಟಾರ್ಚಿನೊಳಗೇ ಸೆಲ್ ಬಿಟ್ಟು ವೈರ್ ಸಿಕ್ಕಿಸಿ ಚಾರ್ಜ್ ಮಾಡುವ ಮಾದರಿಗಳ ಬಗ್ಗೆ ನನಗೆ ಅಸಮಾಧಾನವಿದೆ. ಪ್ರತಿ ಸೆಲ್ಲನ್ನು ಬೇರೆಯಾಗಿ ಗಮನಿಸುವ ಸರ್ಕಿಟ್ ಇಲ್ಲದ ಅಗ್ಗದ ಟಾರ್ಚಿನಲ್ಲಿ ಸಾಲಾಗಿರುವ ಎರಡು ಸೆಲ್‌ಗಳು ಒಟ್ಟು 8.4 ವೋಲ್ಟ್ ಮುಟ್ಟಿದರೆ ಚಾರ್ಜ್ ಮುಗಿಯಿತು. ಒಂದು 4.05 ಇದ್ದು ಇನ್ನೊಂದು 4.35ಕ್ಕೆ ಏರಿದ್ದರೂ ಹಸಿರು ದೀಪವೇ. ಸೆಲ್ ಹೊರತೆಗೆಯಲು ಬರುವ ಟಾರ್ಚ್ ಆಗಿದ್ದರೆ ಬಿಡಿ ಚಾರ್ಜರ್‌ನಲ್ಲೇ ತುಂಬಿಸಬೇಕು.

ಚಾರ್ಜ್ ಇಡುವ ಜಾಗವೂ ಮುಖ್ಯ. ಸೊಳ್ಳೆಪರದೆಯ ಪಕ್ಕ, ಹಾಸಿಗೆಯ ಮೇಲೆ, ಅಟ್ಟದಲ್ಲಿ ಇಡಬಾರದು. ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ ಒಳ್ಳೆಯ ಜಾಗ, ಗ್ಯಾಸ್ ಸಿಲಿಂಡರ್ ಹತ್ತಿರವಿಲ್ಲದಿದ್ದರೆ. ಎಚ್ಚರವಿರುವಾಗಲೇ ಮುಗಿಯುವಂತೆ ಸಂಜೆಗೆ ಮೊದಲೇ ಹಾಕಬೇಕು.

ಬಳಸದೆ ಇಟ್ಟರೂ ಖಾಲಿ

ಪೂರ್ತಿ ತುಂಬಿಸಿ, ಸೆಲ್‌ಗಳನ್ನು ಟಾರ್ಚಿನಿಂದ ಹೊರಗೆ, ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ವಾರ ಇಟ್ಟು ಅಳೆಯಬೇಕು. ಎಲ್ಲವೂ 4.1ಕ್ಕಿಂತ ಮೇಲಿದ್ದರೆ ಸೆಲ್‌ಗಳು ಸರಿ, ಸ್ವಿಚ್ಚಿನ ಸರ್ಕಿಟ್ ಸದಾ ಸ್ವಲ್ಪ ವಿದ್ಯುತ್ ಹೀರುತ್ತಿದೆ. ಇಡುವಾಗ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರೆ ಅನೇಕ ಟಾರ್ಚ್‌ಗಳಲ್ಲಿ ಅದು ನಿಲ್ಲುತ್ತದೆ. ಒಂದು ಮಾತ್ರ 4 ವೋಲ್ಟ್‌ಗಿಂತ ಕೆಳಗೆ ಜಾರಿದ್ದರೆ ಅದರೊಳಗೆ ಸಣ್ಣ ಸೋರಿಕೆ ಶುರುವಾಗಿದೆ.

ಸೆಲ್ ಹೊರಗೆ ಬರುತ್ತಿಲ್ಲ, ತಗ್ಗು ಬಿದ್ದಿದೆ, ನೀರಿಗೆ ಬಿದ್ದಿತ್ತು

ಸ್ಕ್ರೂಡ್ರೈವರ್‌ನಿಂದ ಮೀಟಬಾರದು, ಕಲ್ಲಿಗೆ ಕುಟ್ಟಬಾರದು. ಸಿಕ್ಕಿಕೊಂಡ ಸೆಲ್ ಇರುವ ಟಾರ್ಚನ್ನು ಹಾಗೆಯೇ ತ್ಯಾಜ್ಯಕ್ಕೆ ಕೊಡುವುದು ಲೇಸು. ಮೈಯಲ್ಲಿ ತಗ್ಗಾದ ಸೆಲ್, ಹೊಳೆಯಲ್ಲಿ ಮುಳುಗಿದ ಸೆಲ್ ಇಂದು ಸರಿಯಾಗಿ ಉರಿದರೂ ಬಳಸಬಾರದು.

ಹೊಸದು ಕೊಳ್ಳುವಾಗ, ಹಳೆಯದನ್ನು ಕಳಿಸುವಾಗ

ಈ ಸೆಲ್‌ಗಳನ್ನು ತಯಾರಿಸುವ ದೊಡ್ಡ ಕಂಪನಿಗಳು ಅವನ್ನು ಕಾರ್ಖಾನೆಯಲ್ಲಿ ರಕ್ಷಣಾ ಸರ್ಕಿಟ್‌ನೊಂದಿಗೆ ಜೋಡಿಸುವ ಪ್ಯಾಕ್‌ಗಳಿಗೆಂದು ಮಾಡುತ್ತವೆ. ಬಿಡಿಯಾಗಿ ಕೊಂಡು ಬಳಸಬೇಡಿ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೂ 2021ರ ಜನವರಿಯಲ್ಲಿ ಎಚ್ಚರಿಸಿತು. ಬಿಡಿ ಸೆಲ್ ಇಲ್ಲದೆ ನಡೆಯದ ಟಾರ್ಚ್ ನಮ್ಮ ಮನೆಗಳಲ್ಲಿ ಈಗಾಗಲೇ ಇರುವುದರಿಂದ, ಕೊಳ್ಳುವುದಾದರೆ ಟಾರ್ಚಿನ ತಯಾರಕರು ಹೇಳಿದ ಬಗೆಯ, ರಕ್ಷಣಾ ಸರ್ಕಿಟ್ ಇರುವ ಸೆಲ್‌ಗಳನ್ನೇ ಕೊಳ್ಳಬೇಕು. ಹೊಸ ಟಾರ್ಚ್ ಕೊಳ್ಳುವವರು ಒಂದೇ ದೊಡ್ಡ ಸೆಲ್‌ನದನ್ನು ಆರಿಸುವುದು ಮೇಲು. 21700 ಎಂಬ ಸ್ವಲ್ಪ ದಪ್ಪ ಸೆಲ್ ಒಂದೇ ಈಗ ತೋಟಕ್ಕೆ ಸಾಕಾಗುವಷ್ಟು ಬೆಳಕು ಕೊಡುತ್ತದೆ.

ಜೇಬಿನಲ್ಲಿ ಕೀಲಿಕೈ, ಚಿಲ್ಲರೆಗಳ ಜೊತೆ ಬಿಡಿ ಸೆಲ್ ಹಾಕಿಕೊಳ್ಳಬಾರದು. ವಿಮಾನದಲ್ಲಿ ಹೋಗುವಾಗ ಬಿಡಿ ಸೆಲ್‌ಗಳು ಕೈಚೀಲದಲ್ಲಿ, ತುದಿ ಮುಚ್ಚಿದ ಡಬ್ಬಿಯಲ್ಲಿ ಇರಬೇಕು. ಚೆಕ್-ಇನ್ ಸಾಮಾನಿನಲ್ಲಿ ಅವಕ್ಕೆ ಅನುಮತಿ ಇಲ್ಲ.

ಕೆಟ್ಟ ಸೆಲ್‌ನ ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಮನೆಯ ಹೊರಗಿನ ಒಣ ಜಾಗದಲ್ಲಿ ಮಣ್ಣಿನ ಮಡಕೆಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಅಥವಾ ಮಾರಿದ ಅಂಗಡಿಗೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸುವಂತಿಲ್ಲ, ಹಿಂಪಡೆಯುವ ಹೊಣೆ ತಯಾರಕರದು. ಪಂಚಾಯಿತಿಯ ಕಸದ ಗಾಡಿಗೆ ಹಾಕಿದ ಸೆಲ್ ಅಲ್ಲಿ ಜಜ್ಜಿಹೋದರೆ ಸುಡುವುದು ಕಸ ಬೇರ್ಪಡಿಸುವವರ ಕೈ.